ಹದಿನೇಳನೆಯ ಚೀಲ

ಮಂಡ್ಯದಾಚೆ, ನಾಲೆಯ ಬಲದಂಡೆಗೆ ನಮ್ಮ ತಾಕು.
ಆ ಕಡೆ ಕಬ್ಬು, ಈ ಕಡೆ ಕಬ್ಬು,
ನಡುವೆ ಮೊಣಕಾಲೆತ್ತರದ ಕುದುರೆ ಮೆಂತೆ,
ಹೂವಿಗೆ ಬರುವ ಮೊದಲೇ ಕುಡುಗೋಲಿಗೆ ಬರುತ್ತದೆ.
ಇಪ್ಪತ್ತೈದು ದಿನಕ್ಕೊಂದು ಕೊಯ್ಲು.
ಕೊಯ್ದದ್ದು ಹಸುವಿಗೆ, ಹಸುವಿನದ್ದು ಡೈರಿಗೆ,
ಡೈರಿಯದ್ದು ಚೀಟಿಗೆ: ಫ್ಯಾಟು ಇಷ್ಟು, ದುಡ್ಡು ಇಷ್ಟು.
ಮೇಲಿನ ಲೆಕ್ಕ ಊರಿಗೆಲ್ಲ ಗೊತ್ತು.

ಕೆಳಗಿನ ಲೆಕ್ಕ ಬರೆಯಲು ನನ್ನನ್ನಿಟ್ಟರು,
ದಿನಗೂಲಿಗೆ, ಒಂದು ಉದ್ದನೆ ಪುಸ್ತಕ ಕೊಟ್ಟು.

ಮೂರು ವರ್ಷದ ಬೇರನ್ನು ಅಗೆದು, ತೊಳೆದು, ನೆರಳಲ್ಲಿ ಒಣಗಿಸಿ
ಹತ್ತತ್ತು ಗ್ರಾಂ ನೈಲಾನ್ ಚೀಲಕ್ಕೆ ತುಂಬಿ
ಬಾಯಿ ಹೊಲಿದವಳು ಜವರಮ್ಮ.
ಸೊಳ್ಳೆಪರದೆಯಂಥ ಚೀಲ, ಮೂವತ್ತಾರು.
ಗೇಣಾಳದ ಗುಂಡಿ, ಮೂವತ್ತಾರು.
"ಇದೇನ್ಲಾ ಮಗಾ, ಬೇರ್ಗೂ ಮಣ್ಣು ಮಾಡದಾ?"
ಎಂದು ನಕ್ಕಳು.
ಮೊದಲೆರಡು ಕೂಸು ದಕ್ಕದೆ, ಮೂರನೆಯದಕ್ಕೆ
ಜವರಾಯನ ಹೆಸರನ್ನೇ ಇಟ್ಟು ಉಳಿಸಿಕೊಂಡಳಂತೆ ಅವಳವ್ವ.

ತಿಂಗಳಿಗೆ ಆರು ಚೀಲ ಎತ್ತುತ್ತೇವೆ.
ಬಕೆಟ್ಟಿನಲ್ಲಿ ಅದ್ದಿ, ಜರಡಿಗೆ ಸುರಿದು, ಒಣಗಿಸಿ, ತೂಗಿ.
ಹತ್ತು ಏಳಾಯಿತು. ಏಳು ಐದೂವರೆ.
ನಾಲೆ ನಿಂತ ತಿಂಗಳು ತಕ್ಕಡಿ ಅಲುಗಲೇ ಇಲ್ಲ:
ಕೊಳೆಯಲಿಕ್ಕೂ ತೇವ ಬೇಕು.
ಎಳೆಬೇರು ಮೊದಲು ಹೋಗುತ್ತದೆ, ಹೇಳದೆ ಕೇಳದೆ.
ತಾಯಿಬೇರು ಹಟಮಾರಿ,
ಸಿಪ್ಪೆ ಬಿಟ್ಟುಕೊಟ್ಟರೂ ತಿರುಳು ಬಿಡುವುದಿಲ್ಲ.
ಇನ್ನು ನಿಂತ ಗಿಡದ ಬೇರಿನ ಗಂಟುಗಳು,
ಸಾಸಿವೆಗಿಂತ ತುಸು ದಪ್ಪ, ಉಗುರಲ್ಲಿ ಒತ್ತಿದರೆ ಒಳಗೆ ನಸುಗೆಂಪು.
ಕೊಯ್ದ ವಾರದೊಳಗೆ ಬೂದಿಬಣ್ಣಕ್ಕೆ ತಿರುಗಿ ಉದುರುತ್ತವೆ.
ಮೇಲೆ ಕುಡುಗೋಲು ಆಡಿದ್ದು
ಕೆಳಗಿನ ಕತ್ತಲಿಗೆ ಹೇಗೆ ತಿಳಿಯುತ್ತದೋ.

ಕಳೆದದ್ದನ್ನು 'ನಷ್ಟ' ಎಂಬ ಅಂಕಣದಲ್ಲಿ ಬರೆಯುತ್ತೇನೆ.
ಜವರಮ್ಮ ಅದನ್ನು ಓದಿಸಿ ಕೇಳಿದಳು ಒಂದು ದಿನ.
"ನಷ್ಟ ಯಾರ್ಗೆ?"
ಅವಳ ಬೆರಳು ಬದುವಿನ ಕಡೆ. ಅಲ್ಲಿ ಗಿನಿಹುಲ್ಲು,
ಯಾರೂ ಒಂದು ಹಿಡಿ ಗೊಬ್ಬರ ಎರಚದ ಗಿನಿಹುಲ್ಲು,
ಕರೆಯದೆ ಬಂದು ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ
ಮೆಂತೆಯ ಮಗ್ಗುಲಿಗೆ ಆತುಕೊಂಡು ಕಡುಹಸಿರು.
ನಾಲ್ಕು ಮಾರು ಆಚೆ ಅದೇ ಹುಲ್ಲು, ಅದೇ ನೀರು,
ಹಳದಿ.

ಹದಿನೇಳನೆಯ ಚೀಲ ಸಿಗಲಿಲ್ಲ.
ಗುರುತಿನ ಕಡ್ಡಿ ಯಾರೋ ಕಿತ್ತಿದ್ದರು, ಇಲ್ಲಾ ಹೆಗ್ಗಣ.
ಮೇಡಂ ಆ ಸಾಲಿಗೆ ಗೆರೆ ಎಳೆಸಿದರು.
ಆಲೆಮನೆ ಹೊಗೆ ನಿಂತು, ಮತ್ತೆ ಎದ್ದು,
ನಾಲೆಗೆ ಎರಡು ಸಲ ನೀರು ಬಂದು ಹೋದ ಮೇಲೆ
ಬೇರೇನಕ್ಕೋ ಅಗೆಯುತ್ತಿದ್ದ ಜವರಮ್ಮನ ಸಲಿಕೆಗೆ ತಾಕಿತು.

ಎಳೆದರೆ ಬರಲೊಲ್ಲದು.
ನೈಲಾನಿನ ಕಣ್ಣುಕಣ್ಣಿನಲ್ಲೂ ಹೊಸ ಬೇರು ನುಗ್ಗಿ
ಸತ್ತ ಬೇರನ್ನು ಸುತ್ತಿ, ಹೀರಿ, ಮಗ್ಗುಲಲ್ಲಿ ಹೊರಬಿದ್ದು,
ಯಾವುದು ಹೂತದ್ದು, ಯಾವುದು ಹುಟ್ಟಿದ್ದು,
ಬ್ಲೇಡಿನಲ್ಲಿ ಸೀಳಿ ತೊಳೆದರೂ ಬಿಡಿಸಲಾಗಲಿಲ್ಲ. ಅಲ್ಲಲ್ಲಿ
ಆ ನಸುಗೆಂಪು ಗಂಟು.
ಒಣಗಿಸಿ ತೂಗಿದೆ:
ಹದಿಮೂರೂಕಾಲು ಗ್ರಾಂ.
ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ತೂಗಿದೆ.

ಮೇಡಂ ಕನ್ನಡಕ ಒರೆಸಿ, "ಇದು ಲೆಕ್ಕಕ್ಕಿಲ್ಲ," ಎಂದರು.
ಸರಿಯೇ. ಒಂದು ಚೀಲ ನಂಬಿ ಯಾರೂ ಪ್ರಬಂಧ ಬರೆಯುವುದಿಲ್ಲ.
ನಷ್ಟದ ಅಂಕಣದಲ್ಲಿ ಹೆಚ್ಚಾದದ್ದನ್ನು ಬರೆಯಲು ಜಾಗವೂ ಇಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ ಗೀಚಿಟ್ಟೆ:
ಹದಿನೇಳು, ಸಿಕ್ಕಿತು.

ಜವರಮ್ಮ ಖಾಲಿ ಚೀಲವನ್ನು ಜಾಡಿಸಿ ಬಿಸಿಲಿಗೆ ಹಿಡಿದಳು.
ಅವಳು ಹಾಕಿದ ಹೊಲಿಗೆ ಬಿಟ್ಟಿಲ್ಲ, ಬಿಳುಪು ಮಾಸಿಲ್ಲ.
"ಪಾಪ," ಅಂದಳು, "ಇದ್ಕೆ ಸಾಯಾಕೂ ಬರಾಕಿಲ್ಲ."
ಒದ್ದೆ ಕೈಯನ್ನು ಸೆರಗಿಗೆ ಒರೆಸಿ
ಕುಡುಗೋಲು ಮಸೆಯುವ ಕಲ್ಲು ಎಲ್ಲಿಟ್ಟೆನೆಂದು
ಗೊಣಗುತ್ತ ಬದು ಹತ್ತಿದಳು. ನಾಳೆ ಕೊಯ್ಲು.